ಉಣಕಲ್ಲಿನ ರೊಟ್ಟಿ ಗದಗಿಗೆ ಹೋಗಾಕ ಬೆಂಗಳೂರು ಯಾಕ ನೋಡಬೇಕ್ರಿ? – ಒಂದು ಬಹಿರಂಗ ಪತ್ರ

ಧಾರವಾಡ, ಗದಗ, ಹಾವೇರಿ ಜಿಲ್ಲೆಯ ಉಸ್ತುವಾರಿ ಸಚಿವರಿಗೆ, ಶಾಸಕರಿಗೆ, ಸಾರಿಗೆ ಸಂಸ್ಥೆ ಮತ್ತ ಮಹಾನಗರ ಪಾಲಿಕೆಯ ಸಾಹೇಬ್ರಿಗೆ, ಹಂಗ ಮೊಬೈಲ್‌ನ್ಯಾಗ ಆರ್ಡರ್ ಹಾಕೋ ನಮ್ಮ ಎಲ್ಲಾ ಮಂದಿಗೂ,

ನಮಸ್ಕಾರ್ರಿ.

ನಮ್ಮದು ಹುಬ್ಬಳ್ಳಿಯ ಉಣಕಲ್ಲಿನ್ಯಾಗ ಸಣ್ಣ ಧಂದೆ ಐತಿ. ಜೋಳದ ಖಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಅಗಸಿ ಚಟ್ನಿ. ಓಣಿಯ ಹೆಣ್ಮಕ್ಕಳು ರೊಟ್ಟಿ ಬಡೀತಾರ, ನಾನು ಡಬ್ಬಿಗೆ ತುಂಬಿ ಲೇಬಲ್ ಹಚ್ಚಿ ಕಳಸ್ತೇನಿ. ಮೊದಲೆಲ್ಲಾ ಮದವಿ ಸೀಸನ್ ಮತ್ತ ಖಾನಾವಳಿ ಆರ್ಡರ್ ನಂಬಿದ್ವಿ, ಈಗ ಅರ್ಧಕ್ಕಿಂತ ಜಾಸ್ತಿ ಆನ್‌ಲೈನ್. ಅದಕ್ಕ ಈ ಪತ್ರದಾಗ ಆನ್‌ಲೈನ್ ವ್ಯಾಪಾರನ ಬೈತೇನಿ ಅಂತ ತಿಳಕೋಬ್ಯಾಡ್ರಿ, ನಮ್ಮನಿ ಒಲಿ ಉರಿಯೋದು ಅದರಿಂದನ.

ನಾನು ಹೇಳೂದು ಒಂದ ಮಾತು. ನಮ್ಮೂರು ರೋಡಿನ ಮ್ಯಾಲೆ ಐತಿ, ಆದ್ರ ಮಾಲು ನಿಂತು, ಬೇರೆ ಬೇರೆ ಆಗಿ, ಇಲ್ಲೇ ಮುಂದಿನ ತಾಲೂಕಿಗೆ ಹೋಗೋ ಜಾಗ ನಮ್ಮೂರಾಗ ಕಮ್ಮಿ ಆಗಾಕತ್ತೈತಿ, ಎಲ್ಲಾ ಲಾರಿನೂ ನಮ್ಮನ್ನ ದಾಟಿ ಹೊಂಟಾವ. ನೀವು ಮೀಟಿಂಗ್‌ನ್ಯಾಗ ಲಾಜಿಸ್ಟಿಕ್ ಪಾರ್ಕ್, ಮಲ್ಟಿಮೋಡಲ್, ಕಾರಿಡಾರ್ ಅಂತ ದೊಡ್ಡ ದೊಡ್ಡದು ಮಾತಾಡ್ತೀರಿ, ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಎರಡು ಕೆಜಿ ರೊಟ್ಟಿ ಡಬ್ಬಿಗೆ ಆ ಪಾರ್ಕಿನಾಗ ಜಾಗ ಎಲ್ಲೈತಿ ಅನ್ನೂದು ನನ್ನ ಪ್ರಶ್ನೆ.

ಗದಗಿನ ಒಬ್ಬ ಗಿರಾಕಿ ಆರ್ಡರ್ ಹಾಕಿದ್ರು. ಹುಬ್ಬಳ್ಳಿಂದ ಗದಗ 60 ಕಿಲೋಮೀಟರ್ ಒಳಗ, ಮುಂಜಾನೆ ಬಸ್ ಹತ್ತಿದ್ರ ನಾಷ್ಟಾಕ್ಕ ಅಲ್ಲಿರಬೋದು. ನಮ್ಮ ಡಬ್ಬಿ ಒಂದು ಕೊರಿಯರ್ ಕಂಪನಿ ಗಾಡಿ ಹತ್ತಿತು, ಟ್ರ್ಯಾಕಿಂಗ್ ತಗದು ನೋಡಿದ್ರ ಬೆಂಗಳೂರಿನ ಹೊರಗ ಯಾವುದೋ ಹಬ್‌ನ್ಯಾಗ ಕುಂತೈತಿ, ಆಮ್ಯಾಲೆ ವಾಪಸ್ ಹುಬ್ಬಳ್ಳಿ, ಆಮ್ಯಾಲೆ ಗದಗ. ಹೋಗ್ತಾ 400 ಬರ್ತಾ 400 ಕಿಲೋಮೀಟರ್ ಮ್ಯಾಲೆ ಸುತ್ತ ಹೊಡದು ನಮ್ಮ ಮನಿ ಮುಂದಿಂದನ ಹಾದು ಹೋಗಿರಬೇಕು ಆ ಡಬ್ಬಿ. ಗಿರಾಕಿ ಫೋನ್ ಮಾಡಿ ಅಕ್ಕಾರ, ನಾನ ಬಂದು ಒಯ್ತಿದ್ನೆಲ್ರಿ ಅಂದ್ರು. ಡಬ್ಬಿ ತಗದಾಗ ರೊಟ್ಟಿ ಚೂರು ಚೂರು, ಚುರುಮುರಿ ಹಂಗ ಆಗಿತ್ತಂತ.

ಮೊದಲು ನಾನೂ ಇವರಿಗೆ ತಲಿ ಇಲ್ಲ ಅಂತನ ಬೈದಿದ್ದೆ. ಆಮ್ಯಾಲೆ ಪಿಕಪ್ ಹುಡುಗರನ್ನ, ಲಾರಿ ಬುಕಿಂಗ್ ಆಫೀಸ್‌ನ್ಯಾಗಿನ ಪರಿಚಯದವರನ್ನ ಕೇಳಿದಾಗ ಲೆಕ್ಕ ತಿಳೀತು. ಲಕ್ಷಗಟ್ಲೆ ಪಾರ್ಸಲ್ ಕೈಯಿಂದ ಆರಿಸಿ ಬ್ಯಾರೆ ಮಾಡಾಕ ಆಗಂಗಿಲ್ಲ, ಅದಕ್ಕ ಬೆಲ್ಟ್, ಸ್ಕ್ಯಾನರ್ ಇರೋ ಸಾರ್ಟಿಂಗ್ ಸೆಂಟರ್ ಬೇಕು, ಅದು ಭಾಳ ದುಬಾರಿ, ಹಂಗಾಗಿ ಪಾರ್ಸಲ್ ಜಾಸ್ತಿ ಇರೋ ದೊಡ್ಡ ಊರಿನ ಹತ್ರ ಮಾತ್ರ ಹಾಕ್ತಾರ, ಉಳದ ಊರಿಂದ ಎಲ್ಲಾ ಅಲ್ಲಿಗೆ ಒಯ್ದು ಅಲ್ಲಿಂದ ಮತ್ತ ಹಂಚ್ತಾರ. ಹುಬ್ಬಳ್ಳಿಂದ ಬೆಂಗಳೂರಿಗೆ ದಿನಾ ರಾತ್ರಿ ಗಾಡಿ ತುಂಬಿ ಹೋಗ್ತೈತಿ, ಹುಬ್ಬಳ್ಳಿಂದ ಗದಗಿಗೆ ಅಂತ ಬ್ಯಾರೆ ಗಾಡಿ ಬಿಟ್ರ ತಳದಾಗ ನಾಲ್ಕು ಡಬ್ಬಿ ಅಷ್ಟ. ಖಾಲಿ ಗಾಡಿ ಓಡ್ಸೋಕಿಂತ ಸುತ್ತು ಹೊಡಸೂದು ಸೋವಿ. ಅವರ ಲೆಕ್ಕ ಅವರಿಗೆ ಬರೋಬರಿನ ಐತಿ. ದೂರ ಅನ್ನೂದನ್ನ ಕಂಪ್ಯೂಟರ್ ಕಿಲೋಮೀಟರ್‌ನ್ಯಾಗ ಅಳಿಯಂಗಿಲ್ಲ, ಒಂದು ಡಬ್ಬಿಗೆ ಎಷ್ಟು ಖರ್ಚು ಅನ್ನೂದ್ರಾಗ ಅಳೀತೈತಿ. ಆ ಅಳತ್ಯಾಗ ನಮಗ ಗದಗಿಗಿಂತ ಬೆಂಗಳೂರು ಹತ್ರ.

ಇನ್ನೊಂದು ಅಳತಿ ಐತ್ರಿ, ಇದು ಇನ್ನೂ ಮಜಾ. ವಾಲ್ಯೂಮೆಟ್ರಿಕ್ ತೂಕ ಅಂತ. ಡಬ್ಬಿಯ ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನ್ಯಾಗ ಅಳದು ಗುಣಿಸಿ, ಬಂದಿದ್ದನ್ನ ಸಾಮಾನ್ಯವಾಗಿ 5000ದಿಂದ ಭಾಗಸ್ತಾರ, ಬಂದಿದ್ದು ಕೆಜಿ. ತಕಡಿ ತೂಕ ಮತ್ತ ಈ ತೂಕ ಎರಡರಾಗ ಯಾವುದು ಜಾಸ್ತಿನೋ ಅದಕ್ಕ ಬಿಲ್. ನಮ್ಮ ರೊಟ್ಟಿ ಡಬ್ಬಿ 30 ಉದ್ದ, 30 ಅಗಲ, 25 ಎತ್ತರ. ಗುಣಿಸಿದ್ರ 22,500, ಭಾಗಿಸಿದ್ರ ನಾಲ್ಕೂವರಿ ಕೆಜಿ. ತಕಡಿ ಮ್ಯಾಲೆ ಇಟ್ರ ಎರಡ ಕೆಜಿ. ಅಂದ್ರ ಎರಡೂವರಿ ಕೆಜಿ ಗಾಳಿಗೆ ನಾವು ರೊಕ್ಕಾ ಕೊಡ್ತೀವಿ. ಲಾರಿಯೊಳಗ ಜಾಗ ಹಿಡಿತೈತಿ, ಅದಕ್ಕ ಚಾರ್ಜ್ ಮಾಡೂದು ನ್ಯಾಯನ ಅನ್ರಿ, ಒಪ್ಪೇನಿ. ಆದ್ರ ಇದರಿಂದ ಏನಾತು ನೋಡ್ರಿ. ಖಡಕ್ ರೊಟ್ಟಿ ಅಂದ್ರ ಪರಾತದಷ್ಟು ಅಗಲ ಇರಬೇಕು, ತೆಳ್ಳಗ ಹಪ್ಪಳದಂಗ ಇರಬೇಕು, ನಮ್ಮವ್ವನ ಕಾಲದಿಂದ ಹಂಗ ಬಡದಾರ. ಈಗ ನಾವು ರೊಟ್ಟಿ ಅಗಲನ ಕಮ್ಮಿ ಮಾಡೀವಿ, ಯಾಕಂದ್ರ ಡಬ್ಬಿ ಸಣ್ಣದಾದ್ರ ಬಿಲ್ ಇಳೀತೈತಿ. ಮೂಲ್ಯಾಗ ಉಳಿಯೋ ಸಂದಿಗೆ ಚಟ್ನಿ ಪಾಕೀಟ ತುರಕ್ತೀವಿ, ಚಟ್ನಿ ತೂಕದ್ದು, ಜಾಗ ಕಮ್ಮಿ ಹಿಡಿತೈತಿ, ಹೆಂಗೂ ಬಿಲ್ಲಿನ್ಯಾಗ ಎರಡೂವರಿ ಕೆಜಿ ಪುಕ್ಕಟ ಉಳದಿರ್ತೈತಲ್ಲ. ಬಡಿಯೋ ಮುದುಕಿ ಒಬ್ಬಾಕಿ ಕೇಳಿದ್ಲು, ಯಾಕವ್ವಾ ರೊಟ್ಟಿ ಗಿಡ್ಡ ಆಗ್ಯಾವ, ಜ್ವಾಳ ತುಟ್ಟಿ ಆತೇನು ಅಂತ. ಕೊರಿಯರ್ ಲೆಕ್ಕ ಹೆಂಗ ತಿಳಸ್ಲಿ ಆಕಿಗೆ? ಆನ್‌ಲೈನ್ ವ್ಯಾಪಾರ ಸಪ್ಲೈ ಚೈನ್ ಬದಲು ಮಾಡಾಕತ್ತೈತಿ ಅಂತ ಪೇಪರ್‌ನ್ಯಾಗ ಬರೀತಾರ, ನಮ್ಮ ಓಣ್ಯಾಗ ಅದು ರೊಟ್ಟಿ ಗಾತ್ರಾನ ಬದಲು ಮಾಡೇತಿ.

ಇದು ಸಾಗಾಣಿಕಿ ಗೊತ್ತಿಲ್ಲದ ಊರಲ್ಲ ಸ್ವಾಮಿ. ವಿಆರ್‌ಎಲ್ ಅನ್ನೋ ಲಾರಿ ಕಂಪನಿ 1976ರಾಗ ಗದಗಿನ್ಯಾಗ ಒಂದ ಲಾರಿಯಿಂದ ಶುರು ಆಗಿದ್ದು, ಇವತ್ತು ದೇಶದ ತುಂಬಾ ಅದರ ಗಾಡಿ ಕಾಣ್ತಾವ. ನೈಋತ್ಯ ರೈಲ್ವೆಯ ಹೆಡ್ ಆಫೀಸ್ ಹುಬ್ಬಳ್ಳ್ಯಾಗ, ವಾಯವ್ಯ ಸಾರಿಗೆ ಹೆಡ್ ಆಫೀಸ್ ಹುಬ್ಬಳ್ಳ್ಯಾಗ, 1,507 ಮೀಟರ್ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಹುಬ್ಬಳ್ಳ್ಯಾಗ. ದುರ್ಗದಬೈಲ್, ಜವಳಿ ಸಾಲು, ದಾಜಿಬಾನ ಪೇಟೆ, ಅಮರಗೋಳ ಎಪಿಎಂಸಿ, ಸುತ್ತಲಿನ ಜಿಲ್ಲೆಯ ಕಿರಾಣಿಯವ್ರು ಇಲ್ಲಿಗೆ ಬಂದು ಮಾಲು ತುಂಬಕೊಂಡು ಹೋಗ್ತಿದ್ರು. ಕಂಪನಿ ಮಾಲು ಇಟ್ಕೊಂಡು ಅಂಗಡಿಗೆ ಹಂಚೋ ಸಿ ಅಂಡ್ ಎಫ್ ಏಜೆಂಟ್ರು, ಡಿಪೋಗಳು ಇದ್ವು. 2017ರ ಜುಲೈದಾಗ ಜಿಎಸ್‌ಟಿ ಬಂತು, ರಾಜ್ಯದ ಗಡಿಯ ಟ್ಯಾಕ್ಸ್ ಚೆಕ್‌ಪೋಸ್ಟ್ ಹೋದ್ವು, ಮುಂದಿನ ವರ್ಷ ಏಪ್ರಿಲ್‌ನ್ಯಾಗ ಮಾಲು ಸಾಗಸಾಕ ಆನ್‌ಲೈನ್ ತಗಿಯೋ ಇ-ವೇ ಬಿಲ್ ಬಂತು. ಮೊದಲು ಟ್ಯಾಕ್ಸ್ ಉಳಸಾಕ ಕಂಪನಿಗಳು ರಾಜ್ಯಕ್ಕೊಂದು ಗೋಡೌನ್ ಇಡ್ತಿದ್ವು, ಈಗ ಆ ಗರಜು ಇಲ್ಲ, ನಾಲ್ಕು ರಾಜ್ಯಕ್ಕ ಕೂಡಿ ಒಂದ ಭಾರಿ ವೇರ್‌ಹೌಸ್ ಮಾಡಿದ್ರ ಸಾಕು. ಹೊಸಕೋಟಿ, ಮಾಲೂರ ಕಡೆ ಹೋಗಿ ನೋಡ್ರಿ, ಅಲ್ಲಿ ಹೊಲ ಎಲ್ಲಾ ಶೆಡ್ ಆಗ್ಯಾವ. ಲಾರಿಯವ್ರಿಗೆ ಇದರಿಂದ ಛಲೋ ಆತು, ಗಡ್ಯಾಗ ತಾಸುಗಟ್ಲೆ ನಿಲ್ಲೂದು ತಪ್ಪಿತು, ಸುಳ್ಳು ಹೇಳಬಾರದು. ಆದ್ರ ನಡುವಿನ ಊರುಗಳ ಗೋಡೌನ್ ಬೆಲಿ ಕಡಿಮಿ ಆತು.

ಆ ಭಾರಿ ವೇರ್‌ಹೌಸ್‌ನ್ಯಾಗ ನೀವೂ ಮಾಲು ಇಡ್ರಿ ಅಂತ ಆ್ಯಪ್‌ನವ್ರು ನಮಗೂ ಹೇಳ್ತಾರ. ಇಟ್ರ "ನಾಳೆ ಡೆಲಿವರಿ" ಅಂತ ತೋರಸ್ತಾರ, ಹುಡುಕಿದಾಗ ಮ್ಯಾಲೆ ಬರ್ತೀವಿ. ಮನಿಯಿಂದ ಕಳಸಿದ್ರ ಐದಾರು ದಿನ ಅಂತ ತೋರಸ್ತೈತಿ, ಗಿರಾಕಿ ಕೆಳಗ ಇಳದು ನಮ್ಮ ತನಕ ಬರೂದ ಇಲ್ಲ. ಜಾಗದ ಬಾಡಿಗಿ, ಎತ್ತಿಡೋ ಚಾರ್ಜು, ವಾರದ ಮ್ಯಾಲೆ ವಾರ ಉಳದ್ರ ಅದಕ್ಕೂ ಚಾರ್ಜು. ಮೊಬೈಲ್ ಕವರ್ ಮಾರೋವ್ರಿಗೆ ಇದು ನಡಿತೈತಿ. ರೊಟ್ಟಿ ಹೊಸದಾ ಇರಬೇಕ್ರಿ, ಮಂದಿ ಡೇಟ್ ನೋಡಿ ತಗೋತಾರ. ಮತ್ತ ಮುಂಬೈ, ಪುಣೆ ಗಿರಾಕಿಗೆ ಲಗೂನ ಮುಟ್ಟಬೇಕು ಅಂದ್ರ ಮಹಾರಾಷ್ಟ್ರದ ವೇರ್‌ಹೌಸ್‌ನ್ಯಾಗ ಮಾಲು ಇಡಬೇಕು, ಅದಕ್ಕ ಆ ರಾಜ್ಯದ್ದು ಬ್ಯಾರೆ ಜಿಎಸ್‌ಟಿ ನಂಬರ್ ಬೇಕು.

ಜಿಎಸ್‌ಟಿ ಅಂದಮ್ಯಾಲೆ ಒಂದು ಹೇಳಬೇಕು, ಇದು ದಿಲ್ಲಿಗೆ ಮುಟ್ಟಸೋ ಮಾತು, ನಮ್ಮ ಎಂಪಿಗಳು ಓದಾಕತ್ತಿದ್ರ ಕೇಳ್ರಿ. ಮೊದಲು ಆನ್‌ಲೈನ್ ಮಾರಬೇಕು ಅಂದ್ರ ಹತ್ತು ರೂಪಾಯಿ ವ್ಯಾಪಾರಕ್ಕೂ ಜಿಎಸ್‌ಟಿ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಸಣ್ಣವ್ರಿಗೆ ವಿನಾಯ್ತಿ ಕೊಟ್ರು, ಪ್ಯಾನ್ ಇಟ್ಟು ಪೋರ್ಟಲ್‌ನ್ಯಾಗ ಒಂದು ಎನ್‌ರೋಲ್‌ಮೆಂಟ್ ನಂಬರ್ ತಗೊಂಡ್ರ ಜಿಎಸ್‌ಟಿ ನಂಬರ್ ಇಲ್ಲದನ ಆ್ಯಪ್‌ನ್ಯಾಗ ಮಾಲು ಮಾರಬೋದು. ಛಲೋ ಕೆಲಸ, ನಮ್ಮ ಸಂಘದ ಭಾಳ ಹೆಣ್ಮಕ್ಕಳಿಗೆ ಇದು ಇನ್ನೂ ಗೊತ್ತ ಇಲ್ಲ. ಆದ್ರ ಷರತ್ತು ಏನು? ಸ್ವಂತ ರಾಜ್ಯದೊಳಗ ಮಾತ್ರ. ಈಗ ನಕಾಶಿ ತಗದು ನೋಡ್ರಿ. ಧಾರವಾಡದ ಹೆಣ್ಮಗಳು ಬೆಂಗಳೂರಿಗೆ, ಬೀದರಿಗೆ, ಚಾಮರಾಜನಗರಕ್ಕ ಕಳಸಬೋದು, ಪಣಜಿಗೆ ಕಳಸೋಹಂಗಿಲ್ಲ. ಪಣಜಿ ನಮಗ ಬೆಂಗಳೂರಿನ ಅರ್ಧ ದೂರನೂ ಇಲ್ಲ. ಗೋವಾದಾಗ ನಮ್ಮ ಕಡೆಯಿಂದ ದುಡಿಯಾಕ ಹೋದ ಮಂದಿ ಎಷ್ಟದಾರ ಗೊತ್ತಲ್ರಿ, ರೊಟ್ಟಿ ಚಟ್ನಿಗೆ ಅವರಷ್ಟು ಹಸದವ್ರು ಬ್ಯಾರೆ ಯಾರೂ ಇಲ್ಲ. ಕೊಲ್ಲಾಪುರ, ಸೊಲ್ಲಾಪುರನೂ ಅಷ್ಟ. ನಮ್ಮ ಪ್ಯಾಟಿ ಮೊದಲಿಂದನೂ ಪಡುವಣಕ್ಕ, ಬಡಗಣಕ್ಕ ಐತಿ, ಕಾನೂನು ನಮ್ಮನ್ನ ತೆಂಕಣಕ್ಕ ಮುಖ ಮಾಡಿ ಕುಂಡ್ರಿಸೈತಿ. ಬೆಂಗಳೂರು, ಮೈಸೂರಿನ ನಡುವ ಇರೋವ್ರಿಗೆ ಈ ಷರತ್ತು ಹತ್ತೂದ ಇಲ್ಲ, ಗಡಿ ಕಡೆಯವ್ರಿಗೆ ಇದರ ಪೆಟ್ಟು.

ಬ್ಯಾಡಗಿ ಕಥಿನೂ ಹೇಳ್ತೇನಿ, ನಮ್ಮ ಶೇಂಗಾ ಚಟ್ನಿಗೆ ಬೇಕಾದ ಮೆಣಸಿನಕಾಯಿ ಅಲ್ಲಿಂದನ ಬರೂದು. ನಮ್ಮ ಕಡೆಯವ್ರಿಗೆ ಆನ್‌ಲೈನ್ ಗೊತ್ತಿಲ್ಲ ಅನ್ನೋವ್ರು ಬ್ಯಾಡಗಿ ಎಪಿಎಂಸಿಗೆ ಹೋಗಿ ನೋಡಬೇಕು. ಕರ್ನಾಟಕ 2014ರಾಗ ಆರ್‌ಇಎಂಎಸ್ ಅಂತ ಕಂಪನಿ ಮಾಡಿ ಎಪಿಎಂಸಿಗಳನ್ನ ಒಂದ ಇ-ಟೆಂಡರ್ ವ್ಯವಸ್ಥೆಗೆ ಜೋಡಸಾಕ ಶುರು ಮಾಡಿತು, ದೇಶದ ಎಪಿಎಂಸಿಗಳನ್ನ ಆನ್‌ಲೈನ್ ಜೋಡಸೋ ಕೇಂದ್ರದ ಇ-ನಾಮ್ ಬಂದಿದ್ದು ಅದಾದ ಮ್ಯಾಲೆ 2016ರಾಗ. ಲಾಟ್‌ಗೆ ನಂಬರ್ ಹಚ್ಚಿ, ವ್ಯಾಪಾರಿ ಚೀಲದಾಗ ಕೈ ಹಾಕಿ ಬಣ್ಣ ನೋಡಿ, ರೇಟ್ ಮಾತ್ರ ಕಂಪ್ಯೂಟರಿಗೆ ಹಾಕ್ತಾನ. ರೇಟ್ ಹೆಂಗ ಹತ್ತಿತು, ಹೆಂಗ ಬಿತ್ತು ಅನ್ನೂದು ಬ್ಯಾರೆ ಜಗಳ, 2024ರ ಮಾರ್ಚ್‌ನ್ಯಾಗ ರೇಟ್ ಬಿದ್ದ ಸಿಟ್ಟಿಗೆ ಆ ಅಂಗಳದಾಗ ಗಲಾಟೆ ಆಗಿದ್ದು ಎಲ್ಲರೂ ಟಿವ್ಯಾಗ ನೋಡೀರಿ, ಅದನ್ನ ಇಲ್ಲಿ ತಗಿಯಂಗಿಲ್ಲ. ನನಗ ಬೇಕಾಗಿದ್ದು ಇಷ್ಟ: ಅಲ್ಲಿಂದ ಮೆಣಸಿನಕಾಯಿ ಚೀಲ ನನಗ ಬರಾಕ ಒಂದ ದಿನ ಸಾಕು, ಟೆಂಪೋದವ್ನು ಖರೇ ತೂಕಕ್ಕ ರೊಕ್ಕಾ ತಗೋತಾನ, ಮನಿ ಮುಂದ ಒಗದು ಹೋಗ್ತಾನ. ಅದ ಮೆಣಸಿನಕಾಯಿ ಚಟ್ನಿ ಆಗಿ ಬ್ಯಾಡಗಿ ಗಿರಾಕಿಗೆ ವಾಪಸ್ ಹೋಗಬೇಕು ಅಂದ್ರ ಮತ್ತ ಬೆಂಗಳೂರು ದರ್ಶನ. ಚೀಲಕ್ಕ ರಸ್ತೆ ಐತಿ, ಪಾಕೀಟಿಗಿಲ್ಲ.

ಈಗ ನನ್ನ ಬೇಡಿಕಿ. ಹೊಸದೇನೂ ಕಟ್ಟಬ್ಯಾಡ್ರಿ, ಇದ್ದ ಬಸ್ ಬಳಸ್ರಿ.

ವಾಯವ್ಯ ಸಾರಿಗೆ ಬಸ್ ಆರು ಜಿಲ್ಲೆಯ ಮೂಲಿ ಮೂಲಿಗೆ ಹೋಗ್ತಾವ. ಕೊರಿಯರ್‌ನವ್ರು "ನಿಮ್ಮ ಪಿನ್‌ಕೋಡಿಗೆ ಸೇವೆ ಇಲ್ಲ" ಅನ್ನೋ ಊರಿಗೂ ನಮ್ಮ ವಸ್ತಿ ಬಸ್ ಹೋಗ್ತೈತಿ. ಸಂಜಿಗೆ ಹೋಗಿ, ರಾತ್ರಿ ಅಲ್ಲೇ ಉಳದು, ಮುಂಜಾನೆ ಹಾಲಿನವ್ರು, ಕಾಲೇಜ್ ಹುಡುಗ್ರನ್ನ ಕೂಡಿಸ್ಕೊಂಡು ವಾಪಸ್ ಬರ್ತೈತಿ. ಈ ಕಡೆಯಿಂದ ಸಂಜಿಗೆ ಪಾರ್ಸಲ್ ಒಯ್ಯಾಕ, ಆ ಕಡೆಯಿಂದ ಮುಂಜಾನೆ ಹಳ್ಳಿ ಮಾಲು ತರಾಕ ಇದಕ್ಕಿಂತ ಛಲೋ ಟೈಮ್‌ಟೇಬಲ್ ಯಾವ ಕಂಪನಿ ಮಾಡ್ತೈತ್ರಿ? ಕೊರಿಯರ್ ಕಂಪನಿಗೆ ಗದಗಿಗೆ ಬ್ಯಾರೆ ಗಾಡಿ ಬಿಡೂದು ಲಾಸ್, ಯಾಕಂದ್ರ ಆ ಗಾಡಿ ಡಬ್ಬಿಗೋಸ್ಕರ ಓಡಬೇಕು. ಬಸ್ ಹೆಂಗಿದ್ರೂ ಮಂದಿಗೋಸ್ಕರ ಓಡಾಕತ್ತೈತಿ, ಡಬ್ಬಿ ಅದರ ಮ್ಯಾಲೆ ಹತ್ತಿದ್ರ ಬಂದ ರೊಕ್ಕಾ ಮ್ಯಾಗಿಂದ.

ಬಸ್‌ನ್ಯಾಗ ಪಾರ್ಸಲ್ ಹೊಸ ವಿಚಾರ ಅಲ್ಲ, 2021ರಾಗ ಸರ್ಕಾರಿ ಬಸ್ಸಿಗೆ "ನಮ್ಮ ಕಾರ್ಗೋ" ಅಂತ ಹೆಸರಿಟ್ಟು ಶುರು ಮಾಡ್ಯಾರ, ಸ್ಟ್ಯಾಂಡ್‌ನ್ಯಾಗ ಕೌಂಟರ್ ಅದಾವ. ಅದು ಅಂಗಡಿಯಿಂದ ಅಂಗಡಿಗೆ ಕಳಸೋರಿಗೆ ಅನುಕೂಲ ಐತಿ. ಆನ್‌ಲೈನ್ ಗಿರಾಕಿಗೆ ಬ್ಯಾರೆ ನಾಲ್ಕು ವಸ್ತು ಬೇಕು, ಹೊಂಟದ್ದಕ್ಕ ಮುಟ್ಟಿದ್ದಕ್ಕ ಮೊಬೈಲಿಗೆ ಮೆಸೇಜ್, ಡಬ್ಬಿ ಕೈಗೆ ಬಂದಾಗ ಕ್ಯೂಆರ್ ಮ್ಯಾಲೆ ರೊಕ್ಕಾ ಕೊಡೂದು, ಸ್ಟ್ಯಾಂಡ್‌ನಿಂದ ಮನಿ ತನಕ ಒಯ್ಯಾಕ ಒಬ್ಬ ಹುಡುಗ, ಡಬ್ಬಿ ಕಳದ್ರ ಒಡದ್ರ ಯಾರು ಜವಾಬ್ದಾರಿ ಅನ್ನೂದು ಚೀಟಿ ಮ್ಯಾಲೆ ಬರದದ್ದು. ಕಂಡಕ್ಟರ್ ಅಣ್ಣನ ತಲಿಗೆ ಕಟ್ಟಬ್ಯಾಡ್ರಿ ಇದನ್ನ, ಶಕ್ತಿ ಯೋಜನೆ ಬಂದಮ್ಯಾಲೆ ಬಸ್ ತುಂಬಿ ಹೊಂಟಾವ, ಅವರಿಗೆ ಟಿಕೆಟ್ ಹರಿಯೂದರಾಗ ಸಾಕಾಗಿರ್ತೈತಿ, ಹತ್ತಿಸಿ ಇಳಸಾಕ ಬ್ಯಾರೆ ಮಂದಿ ಇಡ್ರಿ. ಹೇಳಬೇಕಂದ್ರ ನಮ್ಮ ಹೆಣ್ಮಕ್ಕಳು ಯೋಜನೆ ಯಾವಾಗೋ ಜಾರಿ ಮಾಡ್ಯಾರ, ಗದಗಿಗೆ ತವರಮನಿಗೆ ಹೊಂಟಾಕಿ ಆಧಾರ್ ಕಾರ್ಡ್ ತೋರಿಸಿ ಪುಕ್ಕಟ ಟಿಕೆಟ್ ತಗೊಂಡು ತೊಡಿ ಮ್ಯಾಲೆ ನಮ್ಮ ರೊಟ್ಟಿ ಡಬ್ಬಿ ಇಟ್ಕೊಂಡು ಹೋಗ್ತಾಳ. ಇಲ್ಲೀತನಕ ಆಕಿ ಒಯ್ದದ್ದು ಒಂದೂ ಒಡದಿಲ್ಲ.

ಇದಕ್ಕ ತಂತ್ರಜ್ಞಾನ ಎಲ್ಲಿಂದ ತರೂದು ಅಂತ ಕೇಳಬ್ಯಾಡ್ರಿ. ಕೇಂದ್ರ ಸರ್ಕಾರದ ಬೆಂಬಲದಿಂದ 2021ರ ಕೊನಿಗೆ ಶುರು ಆದ ಒಎನ್‌ಡಿಸಿ ಅನ್ನೋ ಆನ್‌ಲೈನ್ ವ್ಯಾಪಾರದ ಜಾಲ ಐತಲ್ಲ, ಅದರಾಗ ಮಾರೋ ಆ್ಯಪ್ ಬ್ಯಾರೆ, ಕೊಳ್ಳೋ ಆ್ಯಪ್ ಬ್ಯಾರೆ, ಸಾಗಸೋವ್ರು ಬ್ಯಾರೆ ಇರಬೋದು. ಬಸ್ ಸಂಸ್ಥೆ ಅದರೊಳಗ ಸಾಗಾಣಿಕಿಯವ್ರಾಗಿ ಸೇರ್ಕೊಂಡ್ರ ಗದಗಿನ ಗಿರಾಕಿ ಆರ್ಡರ್ ಒತ್ತಿದಾಗ ಮಧ್ಯಾಹ್ನದ ಬಸ್ ಅಲ್ಲೇ ಕಾಣಬೇಕು. ಇನ್ನು ವಿಂಗಡಣಿಗೆ ಅಂಚೆಯವ್ರು 1972ರಾಗನ ದಾರಿ ತೋರಿಸ್ಯಾರ. ಪಿನ್‌ಕೋಡಿನ ಮೊದಲ ಮೂರು ಅಂಕಿ ನೋಡಿದ್ರ ಯಾವ ಕಡೆ ಮಾಲು ಅಂತ ತಿಳೀತೈತಿ, 580 ಬಂದ್ರ ಹುಬ್ಬಳ್ಳಿ ಧಾರವಾಡ, 581 ಬಂದ್ರ ಹಾವೇರಿ ಕಾರವಾರದ ಕಡೆ, 582 ಬಂದ್ರ ಗದಗ. ಈ ಮೂರು ನಂಬರಿನ ಡಬ್ಬಿ ಹುಬ್ಬಳ್ಳಿ ದಾಟಿ ಹೋಗಬಾರದು, ಇಲ್ಲೇ ಒಂದು ಶೆಡ್ಡಿನಾಗ ಬ್ಯಾರೆ ಆಗಬೇಕು. ಎಪಿಎಂಸಿ ಅಂಗಳದಾಗ ಒಂದು ಶೆಡ್, ನಾಲ್ಕು ಟೇಬಲ್, ಎರಡು ಸ್ಕ್ಯಾನರ್, ಸಣ್ಣ ಪ್ರಮಾಣಕ್ಕ ಬೆಲ್ಟು ಗಿಲ್ಟು ಬೇಕಾಗಿಲ್ಲ. ಖಾಸಗಿ ಕೊರಿಯರ್‌ನವ್ರೂ ರೊಕ್ಕಾ ಕೊಟ್ಟು ಬಳಸ್ಲಿ, ಅವರಿಗೂ ಸುತ್ತು ತಪ್ಪಿದ್ರ ಡೀಸೆಲ್ ಉಳೀತೈತಿ.

ಪಾಲಿಕೆಯವ್ರಿಗೆ ಒಂದೀಟು. ಹತ್ತು ನಿಮಿಷದ ಡೆಲಿವರಿ ಅಂತ ಹುಡುಗರು ಬೈಕ್ ಓಡಸೂದು ನೋಡಾಕತ್ತೀವಿ, ಚಿಗರಿ ಬಸ್ಸಿನ ಲೇನ್ ಬಿಟ್ಟು ಉಳದ ರಸ್ತ್ಯಾಗ ಉಣಕಲ್ ಕ್ರಾಸ್ ಕಡೆ ಸಂಜಿಗೆ ನಿಂತು ನೋಡ್ರಿ, ಎದಿ ಝಲ್ ಅಂತೈತಿ. ಅವರಿಗೆ ಅಂತ 2025ರಾಗ ನಮ್ಮ ರಾಜ್ಯದಾಗ ಗಿಗ್ ಕಾರ್ಮಿಕರ, ಅಂದ್ರ ಆ್ಯಪ್ ಮ್ಯಾಲೆ ದುಡಿಯೋವ್ರ, ಕಾನೂನು ಬಂದೈತಿ, ಅವರಿಗೆ ಕೊಡೋ ದುಡ್ಡಿನ ಮ್ಯಾಲೆ 1ರಿಂದ 5 ಪರ್ಸೆಂಟ್ ಕಂಪನಿಯಿಂದ ಕಲ್ಯಾಣ ನಿಧಿಗೆ ತಗೋಬೇಕು ಅಂತ. ಅದು ಬೆಂಗಳೂರಿನ ಹುಡುಗರಿಗಷ್ಟ ಅಂತ ಇಲ್ಲಿಯವ್ರು ತಿಳಕೊಂಡಾರ, ನೋಂದಣಿ ಕ್ಯಾಂಪ್ ಹುಬ್ಬಳ್ಳಿ, ಗದಗಿನ್ಯಾಗೂ ಹಾಕ್ರಿ. ಮತ್ತ ಅವರು ನಿಲ್ಲಾಕ ನೆರಳು, ಒಂದು ಶೌಚಾಲಯ. ದುರ್ಗದಬೈಲ್ ಕಡೆ ಮಾಲಿನ ಗಾಡಿಗೆ ಮುಂಜಾನೆ ಒಂದು ಟೈಮ್ ಗೊತ್ತು ಮಾಡ್ರಿ, ಮಧ್ಯಾಹ್ನ ಅಲ್ಲಿ ಟೆಂಪೋ ಹೊಕ್ರ ಆಕಳೂ ಹಾದು ಹೋಗಾಕ ಬರಂಗಿಲ್ಲ.

ಗಿರಾಕಿ ಅಣ್ಣಾರ ಅಕ್ಕಾರ, ನಿಮಗೂ ಐತಿ. ಕ್ಯಾಶ್ ಆನ್ ಡೆಲಿವರಿ ಹಾಕಿ ಡೆಲಿವರಿ ಹುಡುಗ ಬಂದಾಗ ಫೋನ್ ಎತ್ತಂಗಿಲ್ಲ, "ಬ್ಯಾಡಾಗೈತಿ ವಾಪಸ್ ಒಯ್ರಿ" ಅಂತೀರಿ. ಆ್ಯಪ್ ನಿಮಗ ಒಂದ ರೂಪಾಯಿ ಕೇಳಂಗಿಲ್ಲ ಖರೇ, ಹೋಗೋ ಚಾರ್ಜು ಬರೋ ಚಾರ್ಜು ಎರಡೂ ನಮ್ಮ ತಲಿಗೆ. ಬಟ್ಟಿ ವಾಪಸ್ ಬಂದ್ರ ಮತ್ತೊಬ್ಬರಿಗೆ ಮಾರ್ತಾರ, ಸುತ್ತಾಡಿ ಬಂದ ರೊಟ್ಟಿ ನಾವ ಮುರದು ಮೊಸರಾಗ ಹಾಕ್ಕೊಂಡು ತಿನ್ನಬೇಕು. ಮನಿ ಅಡ್ರೆಸ್ ಬರಿಯಾಗ "ಹನಮಪ್ಪನ ಗುಡಿ ಹಿಂದ" ಅಂತ ಬರದ್ರ ಊರಾಗ ಎಷ್ಟು ಹನಮಪ್ಪನ ಗುಡಿ ಅದಾವ ಅಂತನೂ ಒಂಚೂರು ವಿಚಾರ ಮಾಡ್ರಿ. ಅಂಚೆ ಇಲಾಖೆ 2025ರಾಗ ಡಿಜಿಪಿನ್ ಅಂತ ತಗದೈತಿ, ಹತ್ತು ಅಕ್ಷರದ ಕೋಡು, ನಿಮ್ಮ ಮನಿ ಬಾಗಲ ತನಕ ಜಾಗ ತೋರಸ್ತೈತಿ, ಮೊಬೈಲ್‌ನ್ಯಾಗ ತಗದು ಬರದಿಟ್ಕೋರಿ.

ಸಾಹೇಬ್ರ, ಒಮ್ಮೆಲೆ ಆರು ಜಿಲ್ಲೆ ಮಾಡ್ರಿ ಅಂತ ಕೇಳೂದಿಲ್ಲ. ಹುಬ್ಬಳ್ಳಿ-ಗದಗ ಒಂದ ರೂಟ್, ಶ್ರಾವಣ ಶುರು ಆಗೂದರೊಳಗ ಟ್ರಯಲ್. ಹಬ್ಬದ ಆರ್ಡರ್ ಆವಾಗ ಬರ್ತಾವ, ಡಬ್ಬಿ ತುಂಬ್ತಾವ, ನಿಮಗೂ ಲೆಕ್ಕ ಸಿಗ್ತೈತಿ. ಸಣ್ಣ ವ್ಯಾಪಾರದವ್ರನ್ನ, ಡಿಪೋ ಮ್ಯಾನೇಜರ್‌ನ, ಎಪಿಎಂಸಿಯವ್ರನ್ನ, ಡೆಲಿವರಿ ಹುಡುಗರ ಕಡೆಯಿಂದ ಇಬ್ಬರನ್ನ ಕೂಡಿಸಿ ಒಂದು ಮೀಟಿಂಗ್ ಕರೀರಿ, ಫೈವ್ ಸ್ಟಾರ್ ಹೋಟೆಲ್ ಬ್ಯಾಡ, ಬಸ್ ಸ್ಟ್ಯಾಂಡಿನ ಯಾವುದರ ರೂಮ್ ಸಾಕು. ಯಾವ ಗಾತ್ರದ ಡಬ್ಬಿ ಬಸ್ ಡಿಕ್ಕಿಯೊಳಗ ಕುಂಡ್ರತೈತಿ ಅಂತ ಅಳತಿ ಕೊಡ್ರಿ, ನಾವು ಡಬ್ಬಿ ಮಾಡಸ್ತೀವಿ. ಆದ್ರ ದಯಮಾಡಿ 5000ದಿಂದ ಭಾಗಸಬ್ಯಾಡ್ರಿ, ತಕಡಿ ಮ್ಯಾಲೆ ಇಟ್ಟು ತೂಕ ಮಾಡ್ರಿ.

ಇಂತಿ ತಮ್ಮ,
ಉಣಕಲ್ಲಿನ ಒಬ್ಬ ರೊಟ್ಟಿ ಚಟ್ನಿ ವ್ಯಾಪಾರಸ್ಥೆ